ಬಾಳೆಹಣ್ಣಿನ ಕೊಬ್ಬು ಮತ್ತು ನಮ್ಮ ಮನೆಯ ಕಳ್ಳರು

ನೂಲಿನ ಚೀಲದೊಳಗೆ ಬಾಳೆಹಣ್ಣಿನ ಸಿಪ್ಪೆ ಸಿಕ್ಕರೆ ನೀವು ಯಾರನ್ನು ಅನುಮಾನಿಸುತ್ತೀರಿ?

ನಾನು ಗಂಡನನ್ನು ಅನುಮಾನಿಸಿದೆ. (ಮದುವೆಯಾದವರಿಗೆ ಇದರ ವಿವರಣೆ ಬೇಕಿಲ್ಲ.)

ಬನಹಟ್ಟಿಯಲ್ಲಿ ನಮ್ಮ ಮನೆಗೆ ತಾಗಿಕೊಂಡೇ ಪವರ್‌ಲೂಮ್ ಶೆಡ್ಡು. ಅದರ ಮೂಲೆಯಲ್ಲಿ ವೇಸ್ಟ್ ನೂಲು ತುಂಬುವ ಚೀಲ. ಕಳೆದ ವಾರ ಅದನ್ನು ಖಾಲಿ ಮಾಡಲು ಹೋದೆ. ಕೊಳೆತ ವಾಸನೆ. ಇಲಿ ಸತ್ತಿದೆ ಅಂದುಕೊಂಡು ಚೀಲ ಬೋರಲು ಹಾಕಿದರೆ ಬಿದ್ದದ್ದು ಸಿಪ್ಪೆಗಳು! ಕೆಲವು ಕಪ್ಪಾಗಿ ಒಣಗಿದ್ದವು. ಒಂದು ಇನ್ನೂ ಹಳದಿ, ಅವತ್ತಿನದೇ ಇರಬೇಕು.

ಸಿಪ್ಪೆಗೆ ಇಷ್ಟೊಂದು ಗಾಬರಿ ಯಾಕೆ ಅನ್ನುತ್ತೀರಾ? ನಮ್ಮ ಮನೆಯಲ್ಲಿ ಬಾಳೆಹಣ್ಣು ಬಂದ್ ಆಗಿತ್ತು.

ಕೆಲವು ವಾರಗಳ ಹಿಂದೆ ಜಮಖಂಡಿಯ ಡಾಕ್ಟರು ನಮ್ಮ ಯಜಮಾನರ ರಕ್ತಪರೀಕ್ಷೆ ನೋಡಿ, "ಕೊಬ್ಬು ಜಾಸ್ತಿ ಆಗೇತ್ರಿ, ಎಣ್ಣಿ ಕಡಿಮಿ ಮಾಡ್ರಿ" ಅಂದಿದ್ದರು. ನಮ್ಮ ಮಾವ ಎದೆನೋವಿನಿಂದಲೇ ಹೋದವರು. ಹಾಗಾಗಿ ಇವರ ಹೆದರಿಕೆ ನಾಟಕವಲ್ಲ. ಆದರೆ ಹೆದರಿದ ಮನುಷ್ಯನ ಕೈಗೆ ಫೋನ್ ಸಿಕ್ಕರೆ?

ಯಾವುದೋ ಗ್ರೂಪಿನಲ್ಲಿ ಒಂದು ಗ್ರಾಫ್ ಬಂತು. ಭಾರತೀಯರ ಆಹಾರಕ್ಕೆ ಬಾಳೆಹಣ್ಣಿನಿಂದ ಒದಗುವ ಕೊಬ್ಬು, ವರ್ಷದಿಂದ ವರ್ಷಕ್ಕೆ. ಕೆಂಪು ಗೆರೆ ಗುಡ್ಡ ಹತ್ತಿದ ಹಾಗೆ ಏರಿತ್ತು. ಕೆಳಗೆ ಯಾರೋ ಪುಣ್ಯಾತ್ಮರು ‘ಎಚ್ಚರ!’ ಎಂದು ಸೇರಿಸಿದ್ದರು.

"ನೋಡಿಲ್ಲೆ, ಇಡೀ ದೇಶದಾಗ ಏರೇತಿ! ಹಣ್ಣು ಹಣ್ಣು ಅಂತ ನಮಗ ಕೊಬ್ಬು ತಿನ್ಸಾಕತ್ತಾರ."

"ಯಾರ್ರೀ ತಿನ್ಸಾಕತ್ತಾರ?"

"ಅದ ಗೊತ್ತಾಗವಲ್ದು!"

ಅವತ್ತಿನಿಂದ ಮನೆಗೆ ಬಾಳೆಹಣ್ಣು ಬರಲಿಲ್ಲ. ಸಂಜೆ ರಬಕವಿ ಕಡೆ ಹೋದಾಗ ತಿನ್ನುವ ಮಿರ್ಚಿ ಭಜಿ ಮಾತ್ರ ನಿಲ್ಲಲಿಲ್ಲ. ಭಜಿಯ ಗ್ರಾಫ್ ಯಾರೂ ಕಳಿಸಿರಲಿಲ್ಲವಲ್ಲ!

ಕಷ್ಟ ಬಂದದ್ದು ನಮ್ಮ ಅತ್ತೆ ಗಂಗವ್ವನವರಿಗೆ. ಎಂಬತ್ತು ದಾಟಿದ ಜೀವ, ಬಾಯಲ್ಲಿ ಹಲ್ಲಿಲ್ಲ. ಬೆಳಿಗ್ಗೆ ಹಾಲಿನಲ್ಲಿ ಬಾಳೆಹಣ್ಣು ಕಿವುಚಿ ಕೊಟ್ಟರೆ ಅದೇ ಅವರ ದೊಡ್ಡ ಊಟ. ಇವರು ಅದನ್ನೂ ಬಿಡಿಸಿದರು. "ಈ ವಯಸ್ಸಿನ್ಯಾಗ ಕೊಬ್ಬು ಭಾಳ ಡೇಂಜರ್, ಅವ್ವಾ."

"ಬ್ಯಾಡಂದ್ರ ಬ್ಯಾಡ ಬಿಡಪಾ. ನನಗೂ ತಿಂದು ಸಾಕಾಗೇತಿ" ಅಂದರು ಅತ್ತೆ.

ನಾನು ರವೆ ಗಂಜಿ ಮಾಡಿಕೊಟ್ಟೆ. ಅರ್ಧ ಬಟ್ಟಲು ಹಾಗೇ ಉಳಿಯುತ್ತಿತ್ತು. ಅವರ ಮುಂಗೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಏನೋ ರೋಗ ಹೊಕ್ಕಿದೆ ಎಂದು ನನಗೆ ಒಳಗೊಳಗೇ ದಿಗಿಲು. ‘ಸಾಕಾಗೇತಿ’ ಅನ್ನುವ ಮಾತಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಈಗ ಸಿಪ್ಪೆಗೆ ಬರೋಣ. ಅದನ್ನು ಇವರ ಮುಂದೆ ಹಿಡಿದೆ. "ಊರಿಗೆಲ್ಲಾ ಬುದ್ಧಿ ಹೇಳಿ ಇಲ್ಲೆ ಕದ್ದು ತಿನ್ನಾಕತ್ತೀರಿ?"

"ದೇವರಾಣಿ, ನಾ ಅಲ್ಲ!" ಮುಖ ನೋಡಿದರೆ ನಿಜ ಅನಿಸಿತು. ಇವರ ಕಣ್ಣು ಅಷ್ಟರಲ್ಲೇ ಮಗ್ಗದ ಕಡೆ ತಿರುಗಿತ್ತು. ನಾನು ತಡೆಯುವ ಮೊದಲೇ ಹೋಗಿ ಮಗ್ಗ ಬಂದ್ ಮಾಡಿಸಿದರು.

ಮಗ್ಗದ ಮುಂದೆ ಶಂಕರಣ್ಣ. ಮಾವನ ಕಾಲದಿಂದಲೂ ನಮ್ಮಲ್ಲಿ ನೇಯುವವರು.

"ಶಂಕ್ರಣ್ಣ, ಈ ಸಿಪ್ಪಿ ನಿಂದೇನು? ನೂಲಿನ ಚೀಲದಾಗ ಯಾಕ ಮುಚ್ಚಿಡ್ತಿ?"

ಶಂಕರಣ್ಣ ಸಿಪ್ಪೆ ನೋಡಿದರು, ಇವರನ್ನು ನೋಡಿದರು. "ಸಾವ್ಕಾರ್ರ, ಹಣ್ಣ ತಿಂದ್ರ ನಿಮ್ಮ ಮುಂದ ತಿಂತೇನ್ರಿ. ಕದ್ದು ತಿನ್ನು ಮನಶ್ಯಾ ಅಲ್ಲ ನಾ." ಗೂಟಕ್ಕೆ ಹಾಕಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ಸಂಶೇ ಬಂದಲ್ಲೆ ದುಡಿಯೂದು ಆಗೂದಿಲ್ರಿ."

ಹೊರಟೇಬಿಟ್ಟರು.

"ಶಂಕ್ರ್ಯಾ, ನಿಲ್ಲು!"

ಬಾಗಿಲ ಚೌಕಟ್ಟು ಹಿಡಿದು ಅತ್ತೆ ನಿಂತಿದ್ದರು. "ಅವನ್ನ ಯಾಕ ಕೇಳ್ತಿ, ಈಶ್ವರಾ? ನಾನ ತಿಂದೇನಿ."

ಶಂಕರಣ್ಣ ನಿಂತು ತಿರುಗಿದರು.

"ಗುಡಿಗೆ ಹೊಕ್ಕೇನಂತ ಹೇಳಿ ಹುಸೇನಬಿ ಹಣ್ಣಿನ ಗಾಡಿಗೆ ಹೋಗ್ತಿದ್ದೆ. ಒಂದ್ ಹಣ್ಣ ಸೆರಗಿನ್ಯಾಗ ತಂದು ಇಲ್ಲೆ ಮರಿಗೆ ನಿಂತು ತಿಂತಿದ್ದೆ. ಏನ್ ಮಾಡ್ಲೆಪಾ, ಗಂಜಿ ಸೇರವಲ್ದು. ಹಸಿವು ತಡೀಲಿಲ್ಲ."

ಇವರ ದನಿ ಸಣ್ಣದಾಯಿತು. "ಅವ್ವಾ, ಸಾಕಾಗೇತಿ ಅಂದಿದ್ಯಲ್ಲ?"

"ನೀ ಅಂಜಿದ್ದಿ. ನಿಮ್ಮಪ್ಪ ಹೋದಾಗಿಂದ ನೀ ಅಂಜಿಕೊಂತ ಅದೀ. ನಾ ಬೇಕಂದ್ರ ಮತ್ತಷ್ಟ ಅಂಜತಿದ್ದಿ."

ತನ್ನ ಮಗ ದುಡಿದು ಕಟ್ಟಿದ ಮನೆಯಲ್ಲಿ ಒಬ್ಬ ತಾಯಿ ಕಳ್ಳಿಯ ಹಾಗೆ ನಿಂತು ಹಣ್ಣು ತಿಂದಿದ್ದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಕೊಡ್ರಿಲ್ಲೆ ಆ ಫೋನು" ಅಂದೆ.

ಗ್ರಾಫ್ ತೆರೆದು ಬೆರಳಿನಿಂದ ದೊಡ್ಡದು ಮಾಡಿದೆ. ನಾವು ಗೆರೆ ನೋಡಿದ್ದೆವು. ಪಕ್ಕದಲ್ಲಿದ್ದ ಅಂಕಿಗಳನ್ನು ಯಾರೂ ನೋಡಿರಲಿಲ್ಲ! ಆಕಾಶ ಮುಟ್ಟಿದ ಹಾಗೆ ಕಾಣುವ ಆ ಗೆರೆ ಎಲ್ಲ ಏರಿ ಮುಗಿದ ಮೇಲೂ ಒಬ್ಬರಿಗೆ ದಿನಕ್ಕೆ ಒಂದು ಗ್ರಾಂ ಕೂಡ ಆಗಿರಲಿಲ್ಲ. ಗ್ರಾಂನ ಒಂದು ಚೂರು. ಮಿರ್ಚಿ ಭಜಿ ಮುಟ್ಟಿದ ಬೆರಳಿಗೆ ಅದಕ್ಕಿಂತ ಹೆಚ್ಚು ಎಣ್ಣೆ ಹತ್ತುತ್ತದೆ.

ಹಾಗಾದರೆ ಗೆರೆ ಏರಿದ್ದು ಸುಳ್ಳೇ? ಅಲ್ಲ. ಮುಧೋಳದಲ್ಲಿ ನಾನು ಚಿಕ್ಕವಳಿದ್ದಾಗ ಬಾಳೆಹಣ್ಣು ಬರುತ್ತಿದ್ದದ್ದು ಪೂಜೆಗೆ, ಇಲ್ಲವೇ ಯಾರಾದರೂ ಜ್ವರ ಬಂದು ಮಲಗಿದರೆ. ಈಗ ಹೊಳೆಯ ದಂಡೆಯಲ್ಲಿ ಕಬ್ಬಿನ ನಡುವೆ ಬಾಳೆ ತೋಟ, ಊರೊಳಗೆ ತಿರುವಿಗೊಂದು ಹಣ್ಣಿನ ಗಾಡಿ. ಹಣ್ಣು ಹೆಚ್ಚಾದಾಗ ಅದರೊಳಗಿನ ಎಲ್ಲವೂ ಲೆಕ್ಕದಲ್ಲಿ ಹೆಚ್ಚುತ್ತದೆ. ಅದು ಜನರ ಕೈಗೆ ಹಣ್ಣು ಎಟುಕಿದ ಸುದ್ದಿ. ನಮ್ಮ ಮನೆಗೆ ಬರುವಷ್ಟರಲ್ಲಿ ವಿಷದ ಸುದ್ದಿಯಾಗಿತ್ತು.

ಡಾಕ್ಟರಿಗೂ ಫೋನ್ ಮಾಡಿದೆ. "ಬಾಳಿಹಣ್ಣಾ? ನಾ ಎಣ್ಣಿ ಅಂದಿದ್ನಲ್ರಿ! ಅಮ್ಮಾರಿಗೆ ಸಕ್ರಿ ಕಾಯ್ಲಿ ಇಲ್ಲಲ್ಲ? ಮೊದ್ಲ ಕೊಡ್ರಿ" ಅಂದರು.

ಅಷ್ಟರಲ್ಲಿ ಇವರು ಬೈಕ್ ತೆಗೆದುಕೊಂಡು ಹೋಗಿ ಒಂದು ಡಜನ್ ಹಣ್ಣು ತಂದಿದ್ದರು. ಅವ್ವನ ಕೈಗೆ ಕೊಡಲು ಹೋದರೆ ಅವರು ಮುಟ್ಟಲಿಲ್ಲ. "ಮೊದಲ ಶಂಕ್ರ್ಯಾಗ ಕೊಡು."

"ತಪ್ಪಾತಪಾ, ಶಂಕ್ರಣ್ಣ."

ಶಂಕರಣ್ಣ ಹಣ್ಣು ತೆಗೆದುಕೊಂಡರು. ನಿಂತಲ್ಲೇ ತಿಂದು, ಟವೆಲ್ ಮತ್ತೆ ಗೂಟಕ್ಕೆ ಹಾಕಿ ಮಗ್ಗ ಚಾಲೂ ಮಾಡಿದರು. ಈಗಲೂ ದಿನಾ ಬರುತ್ತಾರೆ. ಆದರೆ ಇವರ ಜೊತೆ ಮೊದಲಿನ ನಗೆ ಇಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಅದಕ್ಕೆ ಯಾವ ಡಾಕ್ಟರ ಹತ್ತಿರ ಔಷಧಿ ಇದೆಯೋ ಗೊತ್ತಿಲ್ಲ.

ಎಷ್ಟೊಂದು ಅನುಮಾನ ಪಟ್ಟೆವು ನೋಡಿ. ಹಣ್ಣಿನ ಮೇಲೆ, ಗಂಡನ ಮೇಲೆ, ನಿಯತ್ತಿನಿಂದ ದುಡಿಯುವವರ ಮೇಲೆ. ಅನುಮಾನ ಪಡಬೇಕಾದ ಎರಡು ಕಡೆ ಮಾತ್ರ ಕಣ್ಣು ಮುಚ್ಚಿ ನಂಬಿದೆವು. ಒಂದು ಆ ಕೆಂಪು ಗೆರೆ. ಇನ್ನೊಂದು, ಹಸಿದ ಅತ್ತೆ ಸಮಾಧಾನಕ್ಕೆ ಹೇಳಿದ ಮಾತು.

ನಿಮ್ಮ ಮನೆಯ ಹಿರಿಯರು ಈಚೆಗೆ ಏನನ್ನು ಬೇಡ ಅಂದರು? ಅವರಿಗೆ ಅದು ನಿಜವಾಗಿಯೂ ಬೇಡವಾಗಿತ್ತೇ?