ಬಾಗಿಲಿಗೆ ಹೊದಿಸಿದ ಗೋಣಿತಟ್ಟು

ಬ್ಯಾಡಗಿಯಲ್ಲಿ ಸೀನು ಬಂದರೆ ಯಾರೂ ಶಕುನ ನೋಡುವುದಿಲ್ಲ. ನೋಡುತ್ತ ಕುಳಿತರೆ ಸೀಜನ್ನಿನಲ್ಲಿ ಒಂದು ಚೀಲ ಮೆಣಸಿನಕಾಯಿಯೂ ಮಾರಾಟವಾಗಲಿಕ್ಕಿಲ್ಲ. ಮನುಷ್ಯರು ಸೀನುತ್ತಾರೆ, ನಾಯಿಗಳು ಸೀನುತ್ತವೆ, ಕಂಪ್ಯೂಟರಿನ ಫ್ಯಾನು ಕೂಡ ಕೆಂಪು ಧೂಳು ಕುಡಿದು ಗೊರಗೊರ ಅನ್ನುತ್ತದೆ. ರಾಘಣ್ಣನವರ ಕೋಲ್ಡ್ ಸ್ಟೋರೇಜಿನಲ್ಲಿ ಆ ಫ್ಯಾನು ಒರೆಸುವುದರಿಂದ ಹಿಡಿದು ಯಾರ ಚೀಲ ಯಾವ ಕೋಣೆಯಲ್ಲಿದೆ ಎಂದು ಹೇಳುವವರೆಗೆ ಎಲ್ಲವೂ ರೋಹಿಣಿಯ ಕೆಲಸ. ದಿನಾ ರಾಣೆಬೆನ್ನೂರಿನಿಂದ ರೈಲಿಗೆ ಬಂದು ರೈಲಿಗೆ ಹೋಗುವ, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮಾತು ಕಡಿಮೆ. ಆದರೆ ಹಿಡಿದ ಮಾತು ಬಿಡುವವಳಲ್ಲ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವಳ ಗಂಡ ಪುಂಡಲೀಕನನ್ನು ಕೇಳಿದರೆ ಇದನ್ನು ಕೈಮುಗಿದು ಹೇಳುತ್ತಾನೆ.

ರಾಘಣ್ಣನವರು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಹಾಕಿಸಿದ್ದರು. ಚೀಲ ಒಳಗೆ ಬಂದದ್ದು, ಬಾಡಿಗೆ, ಮಾಲು ಬಿಡುವ ಚೀಟಿ ಎಲ್ಲ ಅದರಲ್ಲೇ. ಅವರಿಗೆ ಬಹಳ ಪ್ರೀತಿಯದೆಂದರೆ ಅದರ ಹೊರಗಿನ ಪುಟ. ರೈತ ಊರಲ್ಲೇ ಕೂತು, ಖರೀದಿದಾರ ಚೆನ್ನೈನಲ್ಲೇ ಕೂತು, ಫೋನಿನಲ್ಲಿ ಮಾಲು ನೋಡಬಹುದು. ಬಂದವರಿಗೆಲ್ಲ ಅದನ್ನು ತೋರಿಸಿ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಹೋದ ಸೀಜನ್ನಿನ ಒಂದು ಗುರುವಾರ ರೈಲಿನಲ್ಲಿ ರೋಹಿಣಿ ಸಾಫ್ಟ್‌ವೇರ್ ಕಂಪನಿಯ ಮೇಲ್ ಓದಿದಳು. ಅದೇ ಹೊರಗಿನ ಪುಟದಲ್ಲಿ ಕಿಂಡಿಯೊಂದು ಸಿಕ್ಕಿದೆ. ಗೊತ್ತಿದ್ದವನು ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಿ ಮಾಲೀಕನ ಹಾಗೆ ಏನು ಬೇಕಾದರೂ ಮಾಡಬಹುದು. ಸರಿಪಡಿಸುವ ಅಪ್‌ಡೇಟ್ ಶನಿವಾರ ಬರುತ್ತದೆ. ಅಲ್ಲಿಯವರೆಗೆ ಆ ಪುಟವನ್ನು ಹೊರಗಿನವರಿಗೆ ಮುಚ್ಚಿಡಿ ಎಂದು ಬರೆದಿತ್ತು. ಸ್ಟೇಷನ್ನಿನಲ್ಲಿ ಇಳಿದವಳೇ ಹುಬ್ಬಳ್ಳಿಯ ವಿಕಾಸನಿಗೆ ಫೋನ್ ಮಾಡಿದಳು. ಸಾಫ್ಟ್‌ವೇರ್ ಹಾಕಿಕೊಟ್ಟವನು ಅವನೇ.

"ಖರೇ ಐತ್ರಿ ಅಕ್ಕಾರ. ಲಗೂ ಬಂದ್ ಮಾಡ್ರಿ," ಎಂದ ಅವನು. "ಅಷ್ಟs ಸಾಲೂದಿಲ್ಲ. ಈಗಾಗ್ಲೇ ಯಾರರೆ ಒಳಗ ಬಂದು ಹೋಗಿದ್ರ? ಮಾಲ್ ಬಿಡೂ ಮುಂದ ಮಾಲಿನವರನ್ನ ಒಮ್ಮೆ ಕೇಳ್ರಿ."

ಗುರುವಾರವೆಂದರೆ ಬ್ಯಾಡಗಿಯಲ್ಲಿ ಸಂತೆ. ಯಾರ್ಡಿನ ತುಂಬ ಕೆಂಪು ರಾಶಿ, ಗೇಟಿನ ತುಂಬ ಲಾರಿ. ವಿಷಯ ಕೇಳಿ ರಾಘಣ್ಣನವರ ಮುಖ ಊದಿಕೊಂಡಿತು.

"ಇವತ್ತು ಯಾವ ವಾರ ಅದ ಗೊತ್ತದ ಏನವಾ ರೋಹಿಣಿ? ಎಲ್ಲಾ ಕಡೆಯಿಂದ ಖರೀದಿದಾರರು ನೋಡಾಕತ್ತಾರ. ಇವತ್ತs ಬಂದ್ ಮಾಡಿದ್ರ ಊರಾಗ ನನ್ನ ಮಾನ ಏನಾಗಬೇಕು? ಯಾರರೆ ಒಳಗ ಬಂದಾರೇನು?"

"ಗೊತ್ತಿಲ್ರಿ ಸಾವ್ಕಾರ್ರ."

"ಬಂದದ್ದs ಗೊತ್ತಿಲ್ಲ. ಮತ್ತ ಬಂದ್ ಯಾಕ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಮುಚ್ಚಿದ ಮೇಲೆ ಏನೂ ಆಗದಿದ್ದರೆ ಸುಮ್ಮನೆ ಸಂತೆ ಕೆಡಿಸಿದವಳು ಅನ್ನಿಸಿಕೊಳ್ಳಬೇಕು. ಮುಚ್ಚದೆ ಏನಾದರೂ ಆದರೆ ಯಾರದೋ ವರ್ಷದ ಬೆವರು ಲಾರಿ ಹತ್ತಿ ಹೋಗುತ್ತದೆ. ಅಷ್ಟರಲ್ಲಿ ಹೊರಗೆ ಹಮಾಲರ ಮುಖ್ಯಸ್ಥ ಅಲ್ಲಾಬಕ್ಷ ಕೂಗಿದ: "ಬಾಗ್ಲಾ!"

ಅದು ಅಲ್ಲಿಯ ಪದ್ಧತಿ. ತಣ್ಣನೆಯ ಕೋಣೆಯೊಳಗೆ ಯಾರೇ ಹೋಗಲಿ ಬರಲಿ, ಕಂಡವರು "ಬಾಗ್ಲಾ!" ಎಂದು ಕೂಗಬೇಕು, ಹೋದವನು ತಿರುಗಿ ಬಾಗಿಲು ಹಾಕಬೇಕು. ಈ ಪಾಠವನ್ನು ಎಲ್ಲರಿಗೂ ಕಲಿಸಿದವರು ರಾಘಣ್ಣನವರೇ.

"ಸಾವ್ಕಾರ್ರ, ಎರಡನೇ ಕೋಣಿ ಬಾಗಲದ ರಬ್ಬರ್ ಹರಿದಿತ್ತಲ್ರಿ, ನೆನಪೈತೇನು?" ಎಂದಳು ರೋಹಿಣಿ. "ಮಿಸ್ತ್ರಿ ಬರೂದು ತಡ ಆತು. ಥಂಡಿ ಹೊರಗ ಹೋಗತೈತೋ ಇಲ್ಲೋ ನೋಡೂಣು ಅಂತ ಅವತ್ತು ಅಂದ್ರೇನು? ಗೋಣಿತಟ್ಟು ಹೊದಿಸಿ, ಮಾಲೆಲ್ಲಾ ಬಾಜೂ ಬಾಗಲದಿಂದ ತೆಗಿಸಿ, ನೀವs ಕುರ್ಚಿ ಹಾಕ್ಕೊಂಡು ಕಾವಲ ಕುಂತ್ರಿ. ಇದೂ ಬಾಗಲಾನs ರಿ. ರಬ್ಬರ್ ಶನಿವಾರ ಬರತೈತಿ. ಅಲ್ಲೀತನಕ ಗೋಣಿತಟ್ಟು."

ರಾಘಣ್ಣನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಒಂದು ಕುರ್ಚಿ ಎಳೆದು ರೋಹಿಣಿಯ ಮೇಜಿನ ಪಕ್ಕದಲ್ಲಿ ಕೂತರು. "ಮುಚ್ಚು. ಫೋನ್ ಇಲ್ಲೆ ಕೊಡು. ಬೈಯೋರು ನನಗs ಬೈಲಿ."

ಪುಟ ಕಾಣದ ಖರೀದಿದಾರರು ಬೈದರು, ಹೊಟ್ಟೆ ತುಂಬ ಬೈದರು. ರಾಘಣ್ಣನವರು ಒಬ್ಬೊಬ್ಬರಿಗೂ ಬಾಯಿಂದಲೇ ಮಾಲಿನ ವಿವರ ಹೇಳಿದರು, ನಡುನಡುವೆ ಸೀನಿದರು. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿದ್ದರೂ ಮುಖದಲ್ಲಿ ಹಳೆಯ ಗೆಲುವು ಕಾಣುತ್ತಿತ್ತು. ಎಷ್ಟೋ ದಿನದ ಮೇಲೆ ತಮ್ಮ ಗಿರಾಕಿಗಳ ದನಿ ಕೇಳಿದ್ದರು ಅವರು.

ಇತ್ತ ರೋಹಿಣಿ, ಚೀಟಿ ಬಂದ ಮಾಲಿಗೆಲ್ಲ ಮಾಲಿನವರಿಗೆ ಫೋನ್ ಮಾಡಿ ಕೇಳಿ ಬಿಡುತ್ತಿದ್ದಳು. ಊಟದ ನಂತರ ಗೇಟಿಗೆ ಬಂದ ಒಂದು ಲಾರಿಗೆ ದೇವರಗುಡ್ಡದ ಕರೆವ್ವನ ಅಷ್ಟೂ ಚೀಲ ಬಿಡಬೇಕೆಂಬ ಚೀಟಿ ಸಾಫ್ಟ್‌ವೇರಿನಲ್ಲಿ ಕೂತಿತ್ತು. ಅಲ್ಲಿದ್ದ ನಂಬರಿಗೆ ಕರೆ ಮಾಡಿದರೆ ಗಂಡಸೊಬ್ಬ, "ಹಾಂ, ಬಿಡಿ, ಬಿಡಿ" ಎಂದ. ರೋಹಿಣಿಗೆ ಕಸಿವಿಸಿಯಾಯಿತು. ಕರೆವ್ವ ಒಂಟಿ ಹೆಂಗಸು. ಹೋದ ವರ್ಷ ರೇಟು ಬಿದ್ದಾಗ ಮಾರದೆ, ಹಲ್ಲು ಕಚ್ಚಿ ಹಿಡಿದು ಇಟ್ಟ ಮಾಲು ಅದು. ಬಂದದ್ದರಲ್ಲಿ ಸೋರುವ ಮನೆಗೆ ಹೊಸ ಮಾಳಿಗೆ ಹಾಕಿಸಬೇಕು. ವಾರಕ್ಕೊಮ್ಮೆ ರೋಹಿಣಿಯ ಮೊಬೈಲಿಗೆ ಫೋನ್ ಮಾಡಿ, ತವರಿಗೆ ಕಳಿಸಿದ ಮಕ್ಕಳನ್ನು ವಿಚಾರಿಸುವ ಹಾಗೆ, "ನನ್ನ ಚೀಲ ಆರಾಮ ಅದಾವೇನವಾ?" ಎಂದು ಕೇಳುವವಳು. ಅವಳು ಮಾತಾಡುವ ಆ ನಂಬರು ಬೇರೆ, ಸಾಫ್ಟ್‌ವೇರಿನಲ್ಲಿ ಕಂಡದ್ದಲ್ಲ. ರೋಹಿಣಿ ತನ್ನ ಮೊಬೈಲಿನಿಂದ ಅದಕ್ಕೆ ಹಚ್ಚಿದಳು.

"ಯವ್ವಾ, ಇವತ್ತು ಮಾಲ್ ಬಿಡಿಸ್ಕೊಳ್ಳಾಕತ್ತೀರೇನು?"

"ನಾ ಯಾಕ ಬಿಡಿಸ್ಕೊಳ್ಲಿ? ನಾ ಹೊಲದಾಗ ಅದೇನಿ! ಯಾರ್ ಹೇಳಿದ್ರು ನಿನಗ? ನನ್ನ ಚೀಲ ಮುಟ್ಟಿದ್ರ ನೋಡ ಮತ್ತ!" ಕರೆವ್ವ ಬೈದ ಬೈಗುಳ ಪಕ್ಕದಲ್ಲಿದ್ದ ರಾಘಣ್ಣನವರಿಗೂ ಕೇಳಿಸಿತು. ರೋಹಿಣಿಗೆ ಮಾತ್ರ ಅದು ಹಾಡಿನಷ್ಟು ಹಿತವಾಗಿತ್ತು. ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಯ ಘಾಟಿಗಂತೂ ಅಲ್ಲ.

ಅಲ್ಲಾಬಕ್ಷ ಗೇಟು ಹಾಕಿಸಿದ. ಲಾರಿಯ ಡ್ರೈವರ್ ಪಾಪದವನು. ಯಾರೋ ಫೋನಿನಲ್ಲಿ ಬಾಡಿಗೆ ಗೊತ್ತು ಮಾಡಿದ್ದರಂತೆ. ಪೊಲೀಸರು ಬಂದು ಕೇಳುವ ಹೊತ್ತಿಗೆ ಆ ಗಂಡಸಿನ ನಂಬರು ಬಂದ್ ಆಗಿತ್ತು. ಕಿಂಡಿಯಲ್ಲಿ ಮೊದಲೇ ನುಗ್ಗಿದವನು ಕರೆವ್ವನ ನಂಬರು ಬದಲಿಸಿ ಚೀಟಿ ಮಾಡಿಟ್ಟಿದ್ದ.

ಆಗ ರಾಘಣ್ಣನವರು ಮಾಡಿದ್ದನ್ನು ರೋಹಿಣಿ ಈಗಲೂ ಬೆರಗಿನಿಂದ ಹೇಳುತ್ತಾಳೆ. ತಮ್ಮ ಕೋಣೆಯಲ್ಲಿ ಥಂಡಿ ಎಷ್ಟಿದೆ ಎಂಬುದನ್ನೂ ಪಕ್ಕದ ಸ್ಟೋರೇಜಿನವರಿಗೆ ಹೇಳದ ಮನುಷ್ಯ, ಬಿದ್ದ ಗಂಟಲಲ್ಲೇ ಪ್ರತಿಸ್ಪರ್ಧಿಗಳಿಗೆಲ್ಲ ತಾವಾಗಿ ಫೋನ್ ಹಚ್ಚಿದರು. "ನಿಮ್ಮಲ್ಲೂ ಇದs ಸಾಫ್ಟ್‌ವೇರ್ ಅದ. ಮೊದಲು ಆ ಪುಟ ಮುಚ್ಚ್ರಿ. ಹ್ಯಾಂಗಂತ ನಮ್ಮ ರೋಹಿಣಿ ಹೇಳ್ತಾಳ, ಕೇಳ್ರಿ."

ಶನಿವಾರ ವಿಕಾಸ ಬಂದು ಅಪ್‌ಡೇಟ್ ಹಾಕಿ, ಎಲ್ಲರ ಪಾಸ್‌ವರ್ಡ್ ಬದಲಿಸಿ, ಬದಲಾದ ನಂಬರುಗಳನ್ನು ಸರಿ ಮಾಡಿಸಿದ. ಪುಟ ಮತ್ತೆ ತೆರೆಯಿತು. ಆದರೆ ದನಿ ಕೇಳದೆ ಒಂದು ಚೀಲವೂ ಹೊರಗೆ ಹೋಗಕೂಡದೆಂದು ರಾಘಣ್ಣನವರು ಕಟ್ಟಪ್ಪಣೆ ಮಾಡಿದರು.

ಸೋಮವಾರದ ಸಂತೆಗೆ ಕರೆವ್ವ ಬಂದಳು. ಕಂಬಳಿ ಹೊದ್ದು ಕೋಣೆಯೊಳಗೆ ಹೋಗಿ, ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನಡುಗುತ್ತ ಹೊರಬಂದು ರೋಹಿಣಿಯ ಎದುರು ಕೂತಳು. ರೇಟು ಚಲೋ ಬಂದಿತ್ತು. ಇವತ್ತೇ ಮಾರುವವಳಿದ್ದಳು.

"ತಂಗೀ, ಅವತ್ತು ನಿನಗ ಬಾಯಿಗೆ ಬಂದಂಗ ಬೈದೆ. ಹೊಟ್ಯಾಗ ಹಾಕ್ಕೋ," ಎಂದಳು. "ಈಗ ಖರೇನ ಬಿಡಸ್ತೇನಿ. ಚೀಟಿ ಮಾಡು."

ರೋಹಿಣಿ ಚೀಟಿ ಮಾಡಿದಳು. ಕೈ ಹಾಗೇ ನಿಂತಿತು. ರಾಘಣ್ಣನವರತ್ತ ನೋಡಿದಳು. ಅವರು ಗಂಭೀರವಾಗಿ ತಲೆಯಾಡಿಸಿದರು. ರೋಹಿಣಿ ನಗು ತಡೆದುಕೊಂಡು ಫೋನ್ ಎತ್ತಿ ನಂಬರು ಒತ್ತಿದಳು. ಕರೆವ್ವನ ಉಡಿಯಲ್ಲಿ ಫೋನು ರಿಂಗಾಯಿತು.

ಕರೆವ್ವ ನಗಲಿಲ್ಲ. ಸೆರಗು ಸರಿಪಡಿಸಿಕೊಂಡು, ಫೋನು ಕಿವಿಗೆ ಹಿಡಿದು, ಎದುರಿಗೇ ಕೂತ ರೋಹಿಣಿಯ ಮುಖ ನೋಡುತ್ತ ಹೇಳಿದಳು:

"ಹೌದವಾ, ನಾನs ಕರೆವ್ವ. ನನ್ನ ಚೀಲ ಬಿಡು."