ಗಮ್ ಡಬ್ಬಿಯ ಮೇಲಿನ ಎರಡು ಪದ

ಕಳೆದ ವರ್ಷ ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗುತ್ತಿಗಾರಿನ ರಬ್ಬರ್ ತೋಟದಲ್ಲಿ ನನ್ನ ಭಾವನ ಎರಡೂ ಕೈ ಸುಟ್ಟವು. ಮುನ್ನೂರು ಮರಗಳ ತೊಗಟೆಯನ್ನು ಕತ್ತಿಯಿಂದ ಕೊರೆದು ಹಾಲಿಳಿಸುವ ಟ್ಯಾಪಿಂಗ್ ಅವರೊಬ್ಬರೇ ಮಾಡುತ್ತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಪ್ಲಾಸ್ಟಿಕ್ ಕತ್ತರಿಸುತ್ತಿದ್ದೆ.

ಮಳೆಗಾಲದಲ್ಲೂ ಟ್ಯಾಪಿಂಗ್ ನಡೆಯಬೇಕಾದರೆ ಮರಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಲಂಗದಂತೆ ಸುತ್ತಿ, ಕಪ್ಪು ಗಮ್ಮಿನಿಂದ ತೊಗಟೆಗೆ ಅಂಟಿಸಬೇಕು. ಹಿಂದಿನ ವರ್ಷ ಉಳಿದ ಗಮ್ ಗಟ್ಟಿಯಾಗಿರುತ್ತದೆ. ಭಾವ ಅದನ್ನು ಮೊದಲಿನಿಂದಲೂ ಬಿಸಿ ಮಾಡಿಯೇ ಮೆತ್ತಗೆ ಮಾಡುತ್ತಿದ್ದರು. ಮೂರು ಕಲ್ಲು, ತೆಂಗಿನ ಗೆರಟೆಯ ಕೆಂಡ, ಮೇಲೆ ಡಬ್ಬಿ.

"ಭಾವ, ಡಬ್ಬಿಯಲ್ಲಿ ಎಂತದೋ ಕೆಂಪಲ್ಲಿ ಬರೆದುಂಟಲ್ಲ?"

"ನೀನು ಪೇಪರಿನವ. ಅಕ್ಷರ ಕಂಡಲ್ಲೆಲ್ಲ ನಿಲ್ಲುದು. ಕತ್ತರಿಸು ಮಾರಾಯ, ಮಳೆ ಬಂದ ಮೇಲೆ ಕೂತು ಓದು."

ನಾನು ನಕ್ಕು ಮತ್ತೆ ಕತ್ತರಿಸತೊಡಗಿದೆ. ಭಾವ ಕಲಸಲು ಮುಚ್ಚಳ ತೆರೆದರು. ಬೆಂಕಿ ಎದ್ದ ಸದ್ದು ದೊಡ್ಡದಲ್ಲ, ಒದ್ದೆ ಬಟ್ಟೆ ಕೊಡವಿದಷ್ಟು. ಗಮ್ ಕೈಗೆ ಅಂಟಿಕೊಂಡೇ ಉರಿಯಿತು. ಅಕ್ಕ ಒದ್ದೆ ಗೋಣಿ ಹಿಡಿದು ಓಡಿ ಬಂದಳು. ನಾನು ಕತ್ತರಿ ಹಿಡಿದುಕೊಂಡು ನಿಂತೇ ಇದ್ದೆ. ಎಷ್ಟು ಹೊತ್ತು ಎಂದು ಈಗಲೂ ಹೇಳಲಾರೆ.

ಸುಳ್ಯದ ಆಸ್ಪತ್ರೆಯಿಂದ ಪುತ್ತೂರಿಗೆ ಕಳಿಸಿದರು. ಕೈಗೆ ಅಂಟಿದ್ದು ಏನೆಂದು ಡಾಕ್ಟರು ಕೇಳಿದರು. ಸಂಜೆ ತೋಟಕ್ಕೆ ಹೋಗಿ ಡಬ್ಬಿ ಓದಿದೆ: 'ಇನ್‌ಫ್ಲ್ಯಾಮಬಲ್'. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯ ಹಲಗೆಯ ಮೇಲೆ ಮೊಳೆ, ತಂತಿ ತುಂಬಿಟ್ಟ ಹಳೆಯ ಡಬ್ಬಿಗಳಿದ್ದವು. ಅವುಗಳ ಮೇಲೆ 'ಫ್ಲ್ಯಾಮಬಲ್'.

ಎರಡರ ಅರ್ಥವೂ ಒಂದೇ: ಬೇಗ ಹೊತ್ತಿಕೊಳ್ಳುವಂಥದು. ಎರಡೂ ಜ್ವಾಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದವು. ಮೊದಲನೆಯದರ 'ಇನ್' ನಿಷೇಧವಲ್ಲ, 'ಒಳಗೆ' ಎಂಬ ಅರ್ಥದ್ದು. ಇಂಗ್ಲಿಷಿನಲ್ಲಿ ಅದೇ ಹಳೆಯದು. ಉರಿಯುವುದಿಲ್ಲ ಎಂದು ಜನ ತಪ್ಪು ತಿಳಿದಾರೆಂದು ಎಚ್ಚರಿಕೆಯ ಚೀಟಿಗಳಲ್ಲಿ ಎರಡನೆಯದನ್ನು ಬಳಕೆಗೆ ತಂದರು. ಪತ್ರಿಕೆಯ ಡೆಸ್ಕಿನಲ್ಲಿ ಹೊಸ ವರದಿಗಾರರಿಗೆ ಇದನ್ನು ಹೇಳಿಕೊಟ್ಟವನು ನಾನೇ.

ಡಬ್ಬಿಗಳನ್ನು ಮಗುಚಿ ನೋಡಿದೆ. ಎಲ್ಲದರ ತಳವೂ ಸುಟ್ಟು ಕಪ್ಪಾಗಿತ್ತು. ಅವುಗಳಲ್ಲಿ ಎರಡನ್ನು ಹಿಂದಿನ ವರ್ಷಗಳಲ್ಲಿ ಕೆಂಡದ ಮೇಲಿಟ್ಟು ಕಲಸಿದವನು ನಾನು.

ಮರುದಿನ ಆಸ್ಪತ್ರೆಯಲ್ಲಿ ಭಾವ ಕೇಳಿದರು, "ಎಂತ ಬರೆದಿತ್ತು?"

ಹೇಳಿದೆ.

"ಹಳೇದರಲ್ಲಿ?"

"ಅದರಲ್ಲೂ ಅರ್ಥ ಅದೇ."

ಅವರು ಬ್ಯಾಂಡೇಜು ಸುತ್ತಿದ ಕೈಗಳನ್ನು ನೋಡಿಕೊಂಡರು. "ಅಷ್ಟು ವರ್ಷ ಎಂತ ಆಗ್ಲಿಲ್ಲ ಅಲ್ವಾ! ಅದು ಬಿಡು. ಕತ್ತಿ ಹಿಡಿಲಿಕ್ಕೆ ಆಗ್ತದಾ ಅಂತ ಡಾಕ್ಟ್ರ ಹತ್ರ ಕೇಳು. ನಾನು ಕೇಳಿದ್ರೆ ಹೇಳುದಿಲ್ಲ."

ಡಾಕ್ಟರು ನನಗೂ ಹೇಳಲಿಲ್ಲ. ಬಲಗೈಗೆ ಎರಡು ಸಲ ತೊಡೆಯ ಚರ್ಮ ಹಾಕಿದರು. ಎಡಗೈ ವಾಸಿಯಾಯಿತು.

ಈ ಸೋಮವಾರ ಭಾವ ಮೊದಲ ಸಲ ತೋಟಕ್ಕೆ ಇಳಿದು ಹನ್ನೊಂದು ಮರ ಟ್ಯಾಪಿಂಗ್ ಮಾಡಿದರು. ಹನ್ನೆರಡನೆಯ ಮರದಲ್ಲಿ ಕತ್ತಿ ಕೈಯಿಂದ ಜಾರಿ ಬಿತ್ತು.