ಊರಮ್ಮನ ಜಾಗದಲ್ಲಿ ನಿಂತ ಯಂತ್ರ

ಬುದ್ಧಿಗೆ ನಿಲುಕದ ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರ. "ಪಾಪ, ನಿದ್ದೆಗೆಟ್ಟಿರಬೇಕು" ಎಂದುಕೊಂಡು ಪುಟ ಮಗುಚುತ್ತಿದ್ದೆ. ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಹೇಗೆ ಮೋಸ ಹೋಗುತ್ತದೆ ಎಂಬುದನ್ನು ಓದಿಯೇ ಅನ್ನ ತಿಂದವಳು ನಾನು. ಕತ್ತಲಲ್ಲಿ ಹಗ್ಗ ಯಾಕೆ ಹಾವಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ಈಗ ಹೇಳಹೊರಟಿರುವುದು ಕತ್ತಲಲ್ಲಿ ನಡೆದದ್ದಲ್ಲ, ಸಂಡೂರಿನ ಸುಡುಬಿಸಿಲಿನಲ್ಲಿ ನಡೆದದ್ದು. ಮೋಸ ಹೋಗಿದ್ದರೆ ಹೋದದ್ದು ನನ್ನ ಮನಸ್ಸೂ ಅಲ್ಲ, ಒಂದು ಯಂತ್ರ. ಅದಕ್ಕೆ ಮನಸ್ಸಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು, ಅದನ್ನು ಜೋಡಿಸಿದವಳೇ ನಾನು.

ಅದು ಅದಿರಿನ ಕಾಲ. ಹೊಸಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುವುದೇ ಕಷ್ಟವಾಗಿತ್ತು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಸಂಡೂರು ಮುಟ್ಟುವಷ್ಟರಲ್ಲಿ ಬುತ್ತಿ ಹಳಸುತ್ತಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನನ್ನಪ್ಪ ನಗುತ್ತಿದ್ದ: "ಇಷ್ಟೆಲ್ಲಾ ಓದಿ ಧೂಳು ಕುಡಿಯಾಕ ಬಂದೆಲ್ಲವಾ. ಧೂಳೇ ಬೇಕಿದ್ರ ನಮ್ಮ ಗಿರಣ್ಯಾಗ ತೌಡು ಇತ್ತಲ್ಲ."

ನಗಬೇಕೆಂದು ನನಗೂ ಅನಿಸುತ್ತಿತ್ತು, ಶಕ್ತಿ ಇರುತ್ತಿರಲಿಲ್ಲ. ಡಾಕ್ಟರೇಟ್ ಮುಗಿಸಿ ವರ್ಷಗಳು ಕಳೆದಿದ್ದರೂ ಕಾಯಂ ಕೆಲಸವಿರಲಿಲ್ಲ. ಒಂದು ಯೋಜನೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಅರ್ಜಿ ಹಾಕಬೇಕು. ಸಮಿತಿಯವರು ಬರುತ್ತಾರೆ, ತಲೆಯಾಡಿಸುತ್ತಾರೆ, ಕೆಲವು ತಿಂಗಳ ವಿಸ್ತರಣೆ ಕೊಟ್ಟು ಹೋಗುತ್ತಾರೆ. ಎತ್ತು ಗಾಣ ಸುತ್ತಿದಂತೆ ಸುತ್ತಿದ್ದೆ. ಈ ಸಲ ಸಮಿತಿಯ ಹಿರಿಯ ಪ್ರಾಧ್ಯಾಪಕರು ಮೊದಲೇ ಹೇಳಿಬಿಟ್ಟಿದ್ದರು: ಯಂತ್ರ ಸರಿಯಾಗಿ ನಡೆದರೆ ನನಗೆ ಕಾಯಂ ಹುದ್ದೆ, ಇಲ್ಲವಾದರೆ ಯೋಜನೆ ಅಲ್ಲಿಗೇ ಮುಕ್ತಾಯ.

ಯಂತ್ರದ ಕೆಲಸ ದೊಡ್ಡದೇನಲ್ಲ. ಮಗು ತಾಯಿಯ ಬೆರಳು ಹಿಡಿದು ದಾರಿ ಕಲಿಯುವ ಹಾಗೆ, ಮನುಷ್ಯರ ಹಿಂದೆ ನಡೆದು ದಾರಿ ಕಲಿಯುವ ರೋಬೋ ಅದು. ಕುರ್ಚಿಯ ಎತ್ತರ, ನಾಲ್ಕು ಗಾಲಿ, ಮುಂದೆ ಒಂದು ಕ್ಯಾಮೆರಾ. ಕೆಲವು ಸಲ ಹಿಂದೆ ಕರೆದುಕೊಂಡು ಹೋದರೆ ಆಮೇಲೆ ತಾನೇ ಹೋಗಬೇಕು. ಗಣಿಯ ಧೂಳಿನಲ್ಲಿ ಪರೀಕ್ಷೆ ಮಾಡಲೆಂದು ಸಂಡೂರು ರಸ್ತೆಯ ಅದಿರು ಯಾರ್ಡಿನಲ್ಲಿ ಒಂದು ಬಯಲು ಮೂಲೆಯನ್ನು ಬಿಟ್ಟುಕೊಟ್ಟಿದ್ದರು. ನನ್ನ ಜೊತೆಗಿದ್ದವನು ಮೆಹಬೂಬ. ಮೊದಲು ಹೊಸಪೇಟೆಯಲ್ಲಿ ಲಾರಿಗಳ ವೈರಿಂಗ್ ಮಾಡಿಕೊಂಡಿದ್ದು ಆಮೇಲೆ ನಮ್ಮ ಪ್ರಯೋಗಾಲಯ ಸೇರಿದ್ದ.

ರೋಬೋಗೆ ದಾರಿ ತೋರಿಸಲು ಸಿಕ್ಕವಳು ಹುಲಿಗೆಮ್ಮ, ಯಾರ್ಡಿನ ಆಫೀಸು ಗುಡಿಸುವ ಹೆಂಗಸು. ಹದವಾಗಿ ನಡೆಯುತ್ತಾಳೆಂದು ನಾನೇ ಆರಿಸಿದೆ. ಗೇಟಿನಿಂದ ಲಾರಿ ತೂಗುವ ಕಟ್ಟೆಯವರೆಗೆ ಅವಳು ಮುಂದೆ, ಯಂತ್ರ ಹಿಂದೆ. ಆದರೆ ಕಲಿತ ಮೇಲೆ ಯಂತ್ರವೊಂದೇ ಹೊರಟಾಗ ಬಟ್ಟಬಯಲಿನ ನಡುವೆ ಸುಮ್ಮನೆ ನಿಂತುಬಿಡುತ್ತಿತ್ತು. ಆಮೇಲೆ ಏನೂ ಇಲ್ಲದ ಜಾಗವನ್ನು ಬಲಕ್ಕೆ ಬಿಟ್ಟುಕೊಂಡು, ಬಳಸಿ, ಮುಂದೆ ಹೋಗುತ್ತಿತ್ತು. ದೋಷ ಎಲ್ಲಿದೆ ಎಂದು ತಲೆ ಕೆಡಿಸಿಕೊಂಡು ಕೊನೆಗೆ ಹುಲಿಗೆಮ್ಮನನ್ನೇ ಗಮನಿಸಿದೆ. ಅವಳೂ ಅಲ್ಲಿ ನಿಂತು, ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದು, ಬಲಕ್ಕೆ ಬಿಟ್ಟುಕೊಂಡು ಸುತ್ತಿ, ಆಚೆ ಹೋದ ಮೇಲೆ ಮತ್ತೆ ಮೆಟ್ಟಿಕೊಳ್ಳುತ್ತಿದ್ದಳು. ಯಂತ್ರ ಅವಳ ಭಕ್ತಿಯನ್ನೂ ಕಲಿತಿತ್ತು.

ಕೇಳಿದರೆ ನಾಚಿಕೊಂಡಳು. ಯಾರ್ಡಿಗಿಂತ ಮೊದಲು ಅಲ್ಲಿ ಅವಳ ಊರಿತ್ತಂತೆ. ಹತ್ತಾರು ಮನೆ, ನಡುವೆ, ಅವಳು ಬಳಸುವ ಆ ಜಾಗದಲ್ಲೇ, ಬೇವಿನ ಕಟ್ಟೆ, ಕಟ್ಟೆಯ ಮೇಲೆ ಕಲ್ಲಿನ ರೂಪದಲ್ಲಿ ಊರಮ್ಮ. ಜಾಗ ಗಣಿಯವರ ಪಾಲಾದಾಗ ಮನೆಗಳು ರಸ್ತೆಯಾಚೆ ಹೋದವು. ದೇವಿಯನ್ನು ಮಾತ್ರ ಹಾಗೇ ಕಿತ್ತೊಯ್ಯುವಂತಿಲ್ಲ. ಕಳಾಕರ್ಷಣೆ ಆಗಬೇಕು. ಎಂದರೆ ಪೂಜಾರಿ ಮಂತ್ರ ಹೇಳಿ ಕಲ್ಲಿನಲ್ಲಿರುವ ಶಕ್ತಿಯನ್ನು ನೀರು ತುಂಬಿದ ಕೊಡಕ್ಕೆ ಇಳಿಸುತ್ತಾನೆ. ಕೊಡವನ್ನು ಹೊಸ ಗುಡಿಗೆ ಹೊತ್ತು ತಂದು, ಅಲ್ಲಿ ಮತ್ತೆ ಕಲ್ಲಿಗೆ ತುಂಬುತ್ತಾರೆ. ಗಣಿಯವರೇ ಟೈಲ್ಸ್ ಹಾಕಿದ ಗುಡಿ ಕಟ್ಟಿಸಿಕೊಟ್ಟರು, ಡೊಳ್ಳು ಬಾರಿಸಿದರು. ಕೊಡ ಹೊತ್ತವಳು ಹುಲಿಗೆಮ್ಮ.

"ಕೊಡ ಭಾಳ ಹಗುರ ಇತ್ರಿ ಅಕ್ಕೋರೆ," ಎಂದಳು. "ತುಂಬಿದ ಕೊಡ, ಆದ್ರೂ ತಲಿ ಮ್ಯಾಗ ಏನೂ ಇಲ್ದಂಗ. ಯಾರಿಗೂ ಹೇಳಿಲ್ರಿ. ಅಕಿ ಬಂದಾಳೋ ಇಲ್ಲೋ ನನಗ ತಿಳೀವಲ್ದು. ಹೊಸ ಗುಡ್ಯಾಗ ಕೈ ಮುಗಿದ್ರ ಗ್ವಾಡಿಗೆ ಮುಗದಂಗ ಆಕೈತಿ."

ತಲೆದೂಗಿದೆ. ಅವಳ ಸಂಕಟ ಅರ್ಥವಾಯಿತು. ಊರಿಗೆ ಊರೇ ನಂಬಿ ಕೈಮುಗಿಯುತ್ತಿರುವ ಕಲ್ಲು ಬರಿದಾಗಿದ್ದರೆ, ಬರಿಗೊಡ ಹೊತ್ತು ತಂದ ಪಾಪ ಅವಳದು. ಆದರೆ ನನ್ನ ತಲೆಯಲ್ಲಿದ್ದದ್ದು ಸಮಿತಿ. ಮಧ್ಯದಲ್ಲಿ ನಿಂತು ಪ್ರದಕ್ಷಿಣೆ ಹಾಕುವ ಯಂತ್ರವನ್ನು ಅವರ ಮುಂದೆ ಓಡಿಸಲು ಸಾಧ್ಯವೇ? ಸಮಿತಿ ಬರುವ ಹಿಂದಿನ ದಿನ ಎರಡನೇ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆವು. ಅದು ಪ್ರಯೋಗಾಲಯ ಬಿಟ್ಟು ಎಲ್ಲಿಗೂ ಹೋದದ್ದಲ್ಲ, ಅದರ ನೆನಪು ಪೂರ್ತಿ ಖಾಲಿ. ಮೊದಲನೆಯದರಿಂದ ಇದಕ್ಕೆ ಏನನ್ನೂ ತುಂಬಿರಲಿಲ್ಲ. ಈ ಸಲ ಹುಲಿಗೆಮ್ಮನನ್ನು ಆಫೀಸಿನಲ್ಲೇ ಕೂರಿಸಿ ಮೆಹಬೂಬನನ್ನು ನಡೆಸಿದೆ. ಅವನು ಬೂಟು ಹಾಕಿಕೊಂಡು, ಹಾಡು ಗುನುಗುತ್ತಾ, ಗೇಟಿನಿಂದ ತೂಕದ ಕಟ್ಟೆಗೆ ಗೆರೆ ಎಳೆದಂತೆ ನೇರ ನಡೆದ. ಯಂತ್ರವೂ ಅವನ ಹಿಂದೆ ಎಲ್ಲೂ ನಿಲ್ಲದೆ ನೇರ ಬಂತು. ಮಧ್ಯಾಹ್ನ ಊಟ ಮಾಡಿ, ಅದೊಂದನ್ನೇ ಬಿಟ್ಟೆವು.

ಹೊರಟಿತು. ಬಯಲಿನ ನಡುವೆ, ಅದೇ ಜಾಗದಲ್ಲಿ ನಿಂತಿತು. ಚಪ್ಪಲಿ ಬಿಟ್ಟು ಕೈಗೆತ್ತಿಕೊಳ್ಳಲು ಬೇಕಾಗುವಷ್ಟು ಹೊತ್ತು ನಿಂತು, ಬಲಕ್ಕೆ ಬಿಟ್ಟುಕೊಂಡು, ಬಳಸಿ ಹೋಯಿತು.

ಮೆಹಬೂಬ ಹಾಡು ನಿಲ್ಲಿಸಿದ. "ಮೇಡಂ, ಇದಕ್ಯಾರು ಹೇಳಿಕೊಟ್ರು?" ಎಂದ.

ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನು ಅವತ್ತೇ ಕೇಳಿಕೊಂಡಿದ್ದೇನೆ. ಅದಿರಿನ ನೆಲ, ದಿಕ್ಸೂಚಿ ತಪ್ಪುತ್ತದೆ ಎನ್ನುತ್ತೀರಿ. ಅದೇ ಕಾರಣಕ್ಕೆ ದಿಕ್ಸೂಚಿಯನ್ನು ಮೊದಲೇ ಬಿಚ್ಚಿಹಾಕಿದ್ದೆವು. ನೆಲದಲ್ಲಿ ತಗ್ಗು ಇರಬೇಕು ಎನ್ನುತ್ತೀರಿ. ಸಲಿಕೆ ತಂದು ಮಟ್ಟ ಮಾಡಿದೆವು, ಮತ್ತೂ ನಿಂತಿತು. ಅಗೆದು ನೋಡಿದೆವು, ಕೆಂಪು ಮಣ್ಣು ಬಿಟ್ಟರೆ ಬೇವಿನ ಬೇರೂ ಸಿಗಲಿಲ್ಲ. ಮೊದಲ ಯಂತ್ರದ ಗಾಲಿಯ ಗುರುತನ್ನು ನೋಡಿರಬಹುದೆಂದು ಇಡೀ ಬಯಲನ್ನು ಗುಡಿಸಿ ನೀರು ಹೊಡೆಸಿದೆ. ಕೊನೆಗೆ ಎದುರು ದಿಕ್ಕಿನಿಂದ, ತೂಕದ ಕಟ್ಟೆಯ ಕಡೆಯಿಂದ ಗೇಟಿಗೆ ಬಿಟ್ಟೆವು. ಅಲ್ಲೇ ನಿಂತಿತು, ಆ ಕಡೆಯಿಂದ ಬಂದಾಗಲೂ, ಪ್ರದಕ್ಷಿಣೆ ಹಾಕುವವರ ಹಾಗೆ, ಬಲಕ್ಕೇ ಬಿಟ್ಟುಕೊಂಡಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹುಲಿಗೆಮ್ಮ ಯಾವಾಗ ಬಂದು ನಿಂತಿದ್ದಳೋ ತಿಳಿಯದು. ಪೊರಕೆ ಕೈಯಲ್ಲೇ ಇತ್ತು. ಕಣ್ಣಲ್ಲಿ ನೀರು.

"ಹಂಗಾದ್ರ ಅಕಿ ಇಲ್ಲೇ ಅದಾಳೇನ್ರಿ ಅಕ್ಕೋರೆ? ನಾನು ಬರೇ ನೀರು ಹೊತ್ನೇನು? ನೀವು ಓದಿದೋರು. ಒಂದು ಮಾತು ಹೇಳ್ರಿ."

ಯಂತ್ರ ಕೆಟ್ಟಿದೆ ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಅದು ಕೆಟ್ಟಿಲ್ಲವೆಂದು ಆಗಷ್ಟೇ ನೋಡಿದ್ದೆ. "ಗೊತ್ತಿಲ್ಲ ಹುಲಿಗೆಮ್ಮ," ಎಂದೆ. ಇಷ್ಟು ವರ್ಷದ ಓದು ಆ ಒಂದು ಮಾತಿಗೆ ಬಂದು ನಿಂತಿತ್ತು.

ಮರುದಿನ ಸಮಿತಿಯವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕಾರಿನಿಂದ ಇಳಿದರು. ಅವರ ಮುಂದೆಯೂ ಯಂತ್ರ ಅಲ್ಲೇ ನಿಂತಿತು. ಹಿರಿಯ ಪ್ರಾಧ್ಯಾಪಕರು ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದು, "ಸೆನ್ಸರ್ ದೋಷ ಅಂತ ಬರೆದುಬಿಡಮ್ಮ. ಇನ್ನಾರು ತಿಂಗಳು ಕೊಡಿಸ್ತೀನಿ, ಸರಿ ಮಾಡ್ಕೋ. ಹುದ್ದೆ ಎಲ್ಲೂ ಹೋಗಲ್ಲ," ಎಂದರು. ಸೆನ್ಸರನ್ನು ರಾತ್ರಿಯೆಲ್ಲ ಬಿಚ್ಚಿ ನೋಡಿದ್ದೆ, ಅದು ನನಗಿಂತ ಆರೋಗ್ಯವಾಗಿತ್ತು. ನಾನು ಹರಿಶ್ಚಂದ್ರನ ವಂಶದವಳೇನಲ್ಲ. ಆದರೆ ಅವತ್ತು ಸುಳ್ಳು ಹೇಳಿ ಅದನ್ನು ಆರು ತಿಂಗಳು ಸಾಕುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ದೋಷ ಇಲ್ಲ ಸರ್. ಯಾಕೆ ನಿಲ್ಲುತ್ತೆ ಅಂತ ಗೊತ್ತಿಲ್ಲ," ಎಂದೆ. ಅವರು ನನ್ನ ಮುಖವನ್ನೇ ನೋಡಿ, ನಿಟ್ಟುಸಿರುಬಿಟ್ಟು, ಕಾರು ಹತ್ತಿದರು. ಯೋಜನೆ ಮುಗಿಯಿತು. ಮನೆಗೆ ಬಂದು ಎರಡು ದಿನ ನಿದ್ದೆ ಹೊಡೆದೆ. ದುಃಖವಾಯಿತು, ಆದರೆ ಹೆಗಲಿನ ನೊಗ ಇಳಿದಂತೆಯೂ ಆಯಿತು.

ಈಗ ಹೊಸಪೇಟೆ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಗಣಿಗಳು ನಿಂತವು, ಯಾರ್ಡಿನಲ್ಲಿ ಜಾಲಿ ಬೆಳೆಯಿತು. ಗುಜರಿಗೆ ಹೋಗಬೇಕಿದ್ದ ಎರಡನೇ ಯಂತ್ರವನ್ನು ಕೇಳಿ ತಂದು ಕಾಲೇಜಿನ ಲ್ಯಾಬಿನಲ್ಲಿ ಇಟ್ಟುಕೊಂಡಿದ್ದೇನೆ. ವಿದ್ಯಾರ್ಥಿಗಳು ಕಾರಿಡಾರಿನಲ್ಲಿ ಓಡಿಸುತ್ತಾರೆ. ಒಂದು ಸಲವೂ ನಿಂತಿಲ್ಲ, ಬಾಣ ಬಿಟ್ಟಂತೆ ಹೋಗುತ್ತದೆ. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ನಾನು ಬೇಡ ಎನ್ನುವುದಿಲ್ಲ.

ಹುಲಿಗೆಮ್ಮ ಸಂತೆಗೆ ಬಂದಾಗಲೆಲ್ಲ ಕಾಲೇಜಿಗೂ ಬಂದು ಹೋಗುತ್ತಾಳೆ. ಈಗ ಮೊಣಕಾಲು ನೋವು, ಹದವಾದ ಆ ನಡಿಗೆ ಇಲ್ಲ. ಹೊಸ ಗುಡಿಯಲ್ಲೂ ಜಾಲಿಯ ನಡುವಿನ ಬಯಲಲ್ಲೂ, ಎರಡೂ ಕಡೆ ದೀಪ ಹಚ್ಚುತ್ತಾಳಂತೆ. ಹೋದ ಸಲ ಬಂದವಳು ಲ್ಯಾಬಿನಲ್ಲಿ ಯಂತ್ರದ ತಲೆ ಸವರಿ ಹೇಳಿದಳು:

"ಒಂದ್ಸಲ ಇದನ್ನ ಅಲ್ಲಿಗೆ ತರ್ರಿ ಅಕ್ಕೋರೆ. ನಾನು ಕಣ್ಣು ಮುಚ್ಚೋದ್ರಾಗ ತಿಳಿಬೇಕು. ನಿಂತ್ರ, ಮತ್ತೊಮ್ಮೆ ಕೊಡ ಹೊತ್ತು ಅಕಿನ್ನ ಕರಕಂಡು ಬರ್ತೀನಿ. ನಿಲ್ಲಲಿಲ್ಲ ಅಂದ್ರ, ಅವತ್ತು ನಾನು ಹೊತ್ತಿದ್ದು ಖರೇ ಆತಲ್ರಿ. ಎರಡರಾಗ ಯಾವುದಾದ್ರೂ ಒಳ್ಳೇದೇ."

ಅವಳಿಗೆ ಎರಡೂ ಒಳ್ಳೆಯದು. ನನಗೆ ಎರಡೂ ಹೆದರಿಕೆ. ನಿಂತರೆ, ನಾಳೆ ತರಗತಿಯಲ್ಲಿ ನೆನಪೆಂದರೆ ಏನೆಂದು ಯಾವ ಬಾಯಿಂದ ಹೇಳಲಿ? ನಿಲ್ಲದಿದ್ದರೆ, ಯಾವುದಕ್ಕಾಗಿ ಅವತ್ತು ಎಲ್ಲವನ್ನೂ ಬಿಟ್ಟುಕೊಟ್ಟೆ? "ರಜೆ ಬರಲಿ, ತರ್ತೀನಿ," ಎಂದು ಪ್ರತಿ ಸಲವೂ ಹೇಳುತ್ತೇನೆ. ರಜೆಗಳು ಬಂದು ಹೋಗಿವೆ. ಆದರೂ ಶನಿವಾರ ಲ್ಯಾಬಿಗೆ ಬೀಗ ಹಾಕುವ ಮೊದಲು ಅದರ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟೇ ಹೋಗುತ್ತೇನೆ. ಯಾಕೆ ಎಂದು ಕೇಳಬೇಡಿ. ಅದೂ ನನಗೆ ಗೊತ್ತಿಲ್ಲ.